ಹದಿನಾರೂವರೆ ಅಡಿ ಗ್ಯಾರೇಜು, ಅಪ್ಪನ ಮೊಣಕಾಲು: ಕ್ಯಾಮ್ರಿ ತರುವುದೋ, ಜರ್ಮನ್ ಕಾರೋ?

ಹತ್ತಿ_ಅಡತಿ
ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತರೆ ಇದೇ ಮಾತು. ನೀವಾದರೂ ಬಿಡಿಸಿಕೊಡಿ.

ಮನೆ ಹುಬ್ಬಳ್ಳಿ ವಿದ್ಯಾನಗರ, ಅಂಗಡಿ ಅಮರಗೋಳ ಎಪಿಎಂಸಿಯಲ್ಲಿ. ಈಗ ಇರುವುದು 2013ರ ಡೀಸೆಲ್ ಸ್ಕೋಡಾ ಸೂಪರ್ಬ್. ಎರಡು ಲಕ್ಷ ಕಿಲೋಮೀಟರ್ ದಾಟಿದೆ, ಎಂಜಿನ್ ಇನ್ನೂ ಗಟ್ಟಿ, ಸಸ್ಪೆನ್ಷನ್ ಮಾತ್ರ ಮುದುಕನಂತೆ ನರಳುತ್ತದೆ. ಹಿಂದಿನ ಎಡಸೀಟು ಅಪ್ಪನದು. ಹನ್ನೆರಡು ವರ್ಷ ಅವರು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ಬಾಗಿಲ ಹಿಡಿಕೆಯ ಬಣ್ಣ ಒಂದು ರೂಪಾಯಿ ನಾಣ್ಯದಷ್ಟು ಅಗಲ ಬೆಳ್ಳಗಾಗಿದೆ. ಕಾಲ ಮೇಲೆ ಕಾಲು ಹಾಕಿ ಕುಳಿತು ಪೇಪರ್ ಪೂರ್ತಿ ಬಿಡಿಸಿ ಓದಿ ರೂಢಿ. ಈಗ ಅವರಿಗೆ 76, ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಿದೆ. ತಿಂಗಳಿಗೆ ಒಮ್ಮೆಯಾದರೂ ಬೆಂಗಳೂರಿನ ತಂಗಿಯ ಮನೆಗೆ ಹೋಗಿ ಬರುತ್ತೇವೆ, ಹೋಗುವುದೇ ನಾನೂರು ಕಿಲೋಮೀಟರ್.

ಹೊಸ ಸೂಪರ್ಬ್ ಸಿಗುತ್ತಿಲ್ಲ. ಕಣ್ಣಿಗೆ ಬಿದ್ದಿರುವುದು ಟೊಯೋಟಾ ಕ್ಯಾಮ್ರಿ, ಮರ್ಸಿಡಿಸ್ ಸಿ ಕ್ಲಾಸ್, ಬಿಎಂಡಬ್ಲ್ಯು 3 ಸೀರೀಸ್‌ನ ಉದ್ದನೆಯದು. ತಮ್ಮನಿಗೆ ಸೆಕೆಂಡ್ ಹ್ಯಾಂಡ್ ಇ ಕ್ಲಾಸ್ ಮೇಲೆ ಆಸೆ. 65 ಲಕ್ಷ ಇಟ್ಟುಕೊಂಡಿದ್ದೇವೆ. ಇವುಗಳಲ್ಲಿ ನಿಜವಾಗಿ ದೊಡ್ಡದು ಯಾವುದು, ಕೊಟ್ಟ ಹಣಕ್ಕೆ ನ್ಯಾಯ ಯಾವುದು? ಗ್ಯಾರೇಜು ಹಿಂಗೋಡೆಯಿಂದ ಶಟರ್‌ವರೆಗೆ ಹದಿನಾರೂವರೆ ಅಡಿ.

ನಂಬರ್_63
ಫಾರ್ಚೂನರ್ ತೆಗೆದುಕೊಳ್ಳಿ. ವಿಷಯ ಮುಗಿಯಿತು.

ಪೇಢಾನಗರಿ
ಬಂದಿತು ನೋಡಿ! ಮೊದಲ ಉತ್ತರ ಇದೇ ಇರುತ್ತದೆ ಎಂದು ಮನೆಯವಳೊಡನೆ ಬಾಜಿ ಕಟ್ಟಿದ್ದೆ. ಎರಡೂ ಮೊಣಕಾಲು ಬದಲಾಯಿಸಿಕೊಂಡ ಮನುಷ್ಯ ಫಾರ್ಚೂನರ್ ಹತ್ತುವುದಕ್ಕೆ ಏಣಿ ನೀವು ಕೊಡಿಸುತ್ತೀರಾ?

ಅಡತಿ ಸಾಹೇಬರೇ, ಮೊದಲು ಒಂದು ತಪ್ಪು ಲೆಕ್ಕ ಸರಿಮಾಡಿಕೊಳ್ಳಿ. 65 ಲಕ್ಷ ಎಂದರೆ ಷೋರೂಮ್ ಬೆಲೆಯೋ, ಮನೆ ಮುಂದೆ ಬಂದು ನಿಲ್ಲುವ ಬೆಲೆಯೋ? ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಜೀವಾವಧಿ ತೆರಿಗೆ ಶೇಕಡಾ 18, ಅದರ ಮೇಲೆ ಸೆಸ್ ಬೇರೆ. 3 ಸೀರೀಸ್ ಉದ್ದನೆಯದು 2025ರಲ್ಲಿ ಬಂದಾಗ 62 ಲಕ್ಷ ದಾಟಿತ್ತು. ಜಿಎಸ್‌ಟಿ ಇಳಿದಿದೆ, 60 ಎಂದೇ ಹಿಡಿಯಿರಿ. ತೆರಿಗೆಯೇ 10 ಲಕ್ಷ 80 ಸಾವಿರ. ಸೆಸ್, ವಿಮೆ ಸೇರಿದರೆ 73ರ ಕೆಳಗೆ ಬರುವ ಮಾತಿಲ್ಲ. ಸಿ ಕ್ಲಾಸ್ ಕಥೆಯೂ ಹೆಚ್ಚುಕಡಿಮೆ ಇದೇ. ಕ್ಯಾಮ್ರಿ 2024ರ ಡಿಸೆಂಬರ್‌ನಲ್ಲಿ 48 ಲಕ್ಷಕ್ಕೆ ಬಂದದ್ದು. ತೆರಿಗೆ 8 ಲಕ್ಷ 64 ಸಾವಿರ, ಉಳಿದದ್ದೆಲ್ಲ ಸೇರಿ ಅರವತ್ತರ ಸುತ್ತಮುತ್ತ ನಿಲ್ಲುತ್ತದೆ. ಅಂದರೆ ನಿಮ್ಮ ಚೀಲದಲ್ಲಿ ಹಿಡಿಸುವ ಹೊಸ ಕಾರು ಇವುಗಳಲ್ಲಿ ಒಂದೇ.

ಹತ್ತಿ_ಅಡತಿ
ಅಯ್ಯೋ. ನಾನು ಷೋರೂಮ್ ಬೆಲೆಯನ್ನೇ ಹಿಡಿದುಕೊಂಡು ಕುಳಿತಿದ್ದೆ. ಹತ್ತಿಯ ಕಮಿಷನ್ ಪೈಸೆ ಲೆಕ್ಕದಲ್ಲಿ ಹಿಡಿಯುವವನು ಇಲ್ಲಿ ಹನ್ನೊಂದು ಲಕ್ಷ ಮರೆತೆ. ಅಪ್ಪನಿಗೆ ಹೇಳಬೇಡಿ.

ಟೇಪ್_ಮಾಸ್ತರ
ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿದವನು ನಾನು. ಅಳತೆಯ ಮಾತು ಬಂದರೆ ಸುಮ್ಮನಿರಲು ಆಗುವುದಿಲ್ಲ.

ಹದಿನಾರೂವರೆ ಅಡಿ ಎಂದರೆ 5029 ಮಿಲಿಮೀಟರ್. ಈಗಿನ ಇ ಕ್ಲಾಸ್ ಉದ್ದ 5092. ಶಟರ್ ಮುಚ್ಚುವುದೇ ಇಲ್ಲ, ಎರಡೂವರೆ ಇಂಚು ಮೂತಿ ಬೀದಿಗೆ ಬರುತ್ತದೆ. ಹಿಂದಿನ ತಲೆಮಾರಿನ ಉದ್ದನೆಯ ಇ ಕ್ಲಾಸ್ ಕೂಡ ಐದು ಮೀಟರ್ ದಾಟಿದ್ದೇ, ಆದ್ದರಿಂದ ತಮ್ಮನ ಆಸೆಗೆ ಗೋಡೆಯೇ ಅಡ್ಡ. ಕ್ಯಾಮ್ರಿ 4920: ನಾಲ್ಕು ಇಂಚು ಉಳಿಯುತ್ತದೆ. ಒಳಗೆ ನಿಲ್ಲಿಸಿ ಶಟರ್ ಎಳೆದ ಮೇಲೆ ಕಾರಿನ ಮುಂದೆ ಬೆಕ್ಕು ಅಡ್ಡಾಡಬಹುದು, ನೀವು ಆಗುವುದಿಲ್ಲ. ಬಿಎಂಡಬ್ಲ್ಯು ಉದ್ದನೆಯದು 4823, ಸಿ ಕ್ಲಾಸ್ 4751. ನಿಮ್ಮ ಹಳೆಯ ಸೂಪರ್ಬ್ 4838.

ಫಾರ್ಚೂನರ್ ಎಂದವರಿಗೆ: ಅದರ ಉದ್ದ 4795. ನೋಡಲು ಗುಡ್ಡ, ಅಳೆದರೆ ಕ್ಯಾಮ್ರಿಗಿಂತ ಐದು ಇಂಚು ಗಿಡ್ಡ.

ನಂಬರ್_63
ಮಾಸ್ತರರೇ, ಗತ್ತು ಟೇಪಿನಲ್ಲಿ ಅಳೆಯುವುದಕ್ಕೆ ಬರುವುದಿಲ್ಲ.

ಟೇಪ್_ಮಾಸ್ತರ
ಬರುವುದಿಲ್ಲ ನಿಜ. ಗ್ಯಾರೇಜಿಗೆ ಬರುತ್ತದೆ.

ಹತ್ತಿ_ಅಡತಿ
ಹಾಗಾದರೆ ಒಳಗಿನ ಜಾಗಕ್ಕೆ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗಿನ ದೂರ ನೋಡಬೇಕಲ್ಲವೇ? ಬಿಎಂಡಬ್ಲ್ಯು 2961, ಸಿ ಕ್ಲಾಸ್ 2865, ಕ್ಯಾಮ್ರಿ 2825 ಎಂದು ಬರೆದುಕೊಂಡಿದ್ದೇನೆ. ಆ ಲೆಕ್ಕದಲ್ಲಿ ಕ್ಯಾಮ್ರಿಯೇ ಚಿಕ್ಕದಾಯಿತು.

ಟೇಪ್_ಮಾಸ್ತರ
ಎಲ್ಲರೂ ಎಡವುವುದು ಇಲ್ಲಿಯೇ. ನಿಮ್ಮ ಹಳೆಯ ಸೂಪರ್ಬ್‌ನ ವೀಲ್‌ಬೇಸ್ ಎಷ್ಟು ಗೊತ್ತೇ? 2761. ನೀವು ಬರೆದುಕೊಂಡ ಎಲ್ಲಕ್ಕಿಂತ ಕಡಿಮೆ. ಅದರಲ್ಲಿಯೇ ಅಲ್ಲವೇ ನಿಮ್ಮ ತಂದೆ ಕಾಲ ಮೇಲೆ ಕಾಲು ಹಾಕಿ ಪೇಪರ್ ಓದಿದ್ದು?

ಕಾರಣ ಬಾನೆಟ್ ಕೆಳಗಿದೆ. ಸೂಪರ್ಬ್, ಕ್ಯಾಮ್ರಿಗಳಲ್ಲಿ ಎಂಜಿನ್ ಅಡ್ಡ ಮಲಗಿರುತ್ತದೆ, ಗೇರ್‌ಬಾಕ್ಸ್ ಅದರ ಪಕ್ಕದಲ್ಲೇ, ಎಳೆಯುವುದು ಮುಂದಿನ ಚಕ್ರ. ಯಂತ್ರವೆಲ್ಲ ಮುಂದಿನ ಚಕ್ರಗಳ ಆಸುಪಾಸಿನಲ್ಲೇ ಮುಗಿಯುತ್ತದೆ, ಹಿಂದಿನದು ಜನರ ಪಾಲು. ಬಿಎಂಡಬ್ಲ್ಯು, ಮರ್ಸಿಡಿಸ್‌ನ ಈ ಕಾರುಗಳಲ್ಲಿ ಎಂಜಿನ್ ಉದ್ದಕ್ಕೆ ಮಲಗುತ್ತದೆ, ಅದರ ಬೆನ್ನಿಗೆ ಗೇರ್‌ಬಾಕ್ಸ್, ಅಲ್ಲಿಂದ ಹಿಂದಿನ ಚಕ್ರದವರೆಗೆ ಶಕ್ತಿ ಒಯ್ಯುವ ಒಂದು ಶಾಫ್ಟ್. ಮುಂದಿನ ಚಕ್ರವನ್ನು ಮುಂದಕ್ಕೆ ತಳ್ಳಿ ಎರಡು ಚಕ್ರಗಳ ನಡುವೆಯೇ ಯಂತ್ರಕ್ಕೆ ಜಾಗ ಮಾಡುತ್ತಾರೆ. ವೀಲ್‌ಬೇಸ್ ಬೆಳೆಯುತ್ತದೆ, ಬೆಳೆದದ್ದರಲ್ಲಿ ಒಂದು ಪಾಲು ಬಾನೆಟ್ಟೇ ನುಂಗುತ್ತದೆ. ಶಾಫ್ಟ್ ಹೋಗುವುದರಿಂದ ಹಿಂದಿನ ಸೀಟಿನ ನಟ್ಟನಡುವೆ ಕಾಲಿಗೆ ಒಂದು ದಿಣ್ಣೆ ಬೇರೆ. ಓಡಿಸುವವನಿಗೆ ಇದರಿಂದ ಸುಖ ಇದೆ, ಭಾರ ಹಂಚಿಕೆ ಚೆನ್ನಾಗುತ್ತದೆ, ತಿರುವಿನಲ್ಲಿ ಕಾರು ಮಾತು ಕೇಳುತ್ತದೆ. ಹಿಂದೆ ಕೂರುವವನಿಗೆ ಅದು ಬೇಕಿಲ್ಲ.

ಬಿಎಂಡಬ್ಲ್ಯು ಉದ್ದನೆಯದರಲ್ಲಿ ಮಾಮೂಲಿ 3 ಸೀರೀಸ್‌ಗಿಂತ 110 ಮಿಲಿಮೀಟರ್ ಸೇರಿಸಿದ್ದಾರೆ, ಅದು ಪೂರ್ತಿ ಹಿಂದಿನವರಿಗೇ ಸೇರಿದ್ದು. ಆದ್ದರಿಂದ ಅದನ್ನು ತಳ್ಳಿಹಾಕುತ್ತಿಲ್ಲ. ಸಿ ಕ್ಲಾಸ್ ಮಾತ್ರ ಅಪ್ಪನಿಗೆ ಬೇಡ. ಅದು ಮುಂದೆ ಕುಳಿತು ಓಡಿಸುವವರ ಕಾರು.

ಡೀಸೆಲ್_ಕಾಕಾ
ಕ್ಯಾಮ್ರಿಯಂಥ, ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿಯೂ ಇರುವ ಹೈಬ್ರಿಡ್ ಗಿಬ್ರಿಡ್ ಯಾಕೆ ಬೇಕು? ಡೀಸೆಲ್ ಸೂಪರ್ಬ್‌ನಲ್ಲಿ ಒಮ್ಮೆ ಟ್ಯಾಂಕ್ ತುಂಬಿಸಿದರೆ ಬೆಂಗಳೂರಿಗೆ ಹೋಗಿ ಬಂದು ಇನ್ನೂ ಧಾರವಾಡಕ್ಕೆ ಮಿಸಳ ತಿನ್ನಲು ಹೋಗಬಹುದು. ಬ್ಯಾಟರಿ ಕೆಟ್ಟರೆ ಅಂಗಡಿ ಮಾರಬೇಕಾಗುತ್ತದೆ. ಇರುವ ಕಾರಿಗೇ ಹೊಸ ಸಸ್ಪೆನ್ಷನ್ ಹಾಕಿಸು ತಮ್ಮಾ.

ಪೇಢಾನಗರಿ
ಕಾಕಾ, ಕ್ಯಾಮ್ರಿಯ ಹೈಬ್ರಿಡ್ ಬ್ಯಾಟರಿಗೆ ಕಂಪನಿಯೇ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತದೆ. ಕಂಪನಿ ಹೇಳುವ ಮೈಲೇಜು ಲೀಟರಿಗೆ 25ರ ಮೇಲೆ. ರಸ್ತೆಯಲ್ಲಿ ಅದಕ್ಕಿಂತ ಕಡಿಮೆಯೇ ಬರುತ್ತದೆ ಎನ್ನಿ, ಆದರೂ ಪೆಟ್ರೋಲ್ ಎಂಬ ಭಯ ಬೇಡ. ಇನ್ನೊಂದು ಮಾತು, ಕ್ಯಾಮ್ರಿ ಜೋಡಣೆ ಆಗುವುದು ನಮ್ಮ ಬಿಡದಿಯಲ್ಲಿ.

ಡೀಸೆಲ್_ಕಾಕಾ
ಬಿಡದಿ ಇಡ್ಲಿ ಚೆನ್ನಾಗಿರುತ್ತದೆ. ಕಾರಿನದು ಗೊತ್ತಿಲ್ಲ.

ಚಾರ್ಜರ್_ಹುಡುಗ
ಯಾರೂ ಬಿವೈಡಿ ಸೀಲ್ ಎಂಬ ವಿದ್ಯುತ್ ಕಾರಿನ ಹೆಸರು ಎತ್ತಲೇ ಇಲ್ಲ, ಆಶ್ಚರ್ಯ. 2024ರಲ್ಲಿ 41 ಲಕ್ಷದಿಂದ ಶುರುವಾಯಿತು. 4800 ಉದ್ದ, 2920 ವೀಲ್‌ಬೇಸ್, ಎಂಜಿನ್ನೂ ಇಲ್ಲ, ಶಾಫ್ಟೂ ಇಲ್ಲ, ನೆಲ ಸಪಾಟು. ಮಾಸ್ತರರ ಲೆಕ್ಕದ ಪ್ರಕಾರವೇ ಇದು ಗೆಲ್ಲಬೇಕಲ್ಲ? ಜಿಎಸ್‌ಟಿ ಬರೀ ಶೇಕಡಾ 5, ರಸ್ತೆ ತೆರಿಗೆ ಸೊನ್ನೆ.

ಪೇಢಾನಗರಿ
ಸೊನ್ನೆ ಇದ್ದದ್ದು ಹಿಂದೆ. 25 ಲಕ್ಷ ಮೀರಿದ ವಿದ್ಯುತ್ ಕಾರಿಗೆ ಕರ್ನಾಟಕದಲ್ಲಿ 2024ರಿಂದ ಶೇಕಡಾ 10 ತೆರಿಗೆ ಇದೆ. ಹದಿನೆಂಟಕ್ಕಿಂತ ಕಡಿಮೆ, ಒಪ್ಪಿದೆ.

ಉಣಕಲ್_ದಂಡೆ
ನಾನು ಫಿಸಿಯೋಥೆರಪಿಸ್ಟ್. ಕಾರಿನ ಹುಚ್ಚು ನನಗಿಲ್ಲ, ನಮ್ಮ ಯಜಮಾನರಿಗಿದೆ. ಅವರ ಹಿಂದೆ ಅಲೆದು ಸೀಲ್‌ನಲ್ಲಿ ಕುಳಿತಿದ್ದೇನೆ. ಬ್ಯಾಟರಿ ನೆಲದ ಕೆಳಗಿರುವುದರಿಂದ ನೆಲ ಮೇಲೆ ಬಂದಿದೆ. ಕಾಲು ಚಾಚಲು ಜಾಗ ಇದೆ, ಆದರೆ ಮೊಣಕಾಲು ಎದ್ದು ನಿಲ್ಲುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ. ಚಿಕ್ಕ ಮಣೆಯ ಮೇಲೆ ಕುಳಿತ ಹಾಗೆ. ಏಳೆಂಟು ತಾಸಿನ ಬೆಂಗಳೂರು ಪ್ರಯಾಣಕ್ಕೆ ನಿಮ್ಮ ತಂದೆಯವರ ವಯಸ್ಸಿನವರಿಗೆ ಅದು ಆಗುವುದಿಲ್ಲ.

ಅಣ್ಣಾ, ಇಷ್ಟು ಜನ ಮಿಲಿಮೀಟರ್ ಮಾತಾಡಿದಿರಿ, ಮುಖ್ಯವಾದ ಅಳತೆ ಯಾರೂ ತೆಗೆಯಲಿಲ್ಲ. ನೆಲದಿಂದ ಸೀಟಿನ ಅಂಚು ಎಷ್ಟು ಎತ್ತರ? ಮೊದಲು ಮನೆಯಲ್ಲಿ ತಂದೆಯವರು ಕೈ ಊರದೆ ಏಳುವ ಕುರ್ಚಿ ಯಾವುದೆಂದು ನೋಡಿ, ಅದನ್ನು ಅಳೆಯಿರಿ. ಕುಳಿತಾಗ ಸೊಂಟ ಮೊಣಕಾಲಿಗಿಂತ ಕೆಳಗೆ ಹೋದರೆ, ಏಳುವಾಗ ಭಾರವೆಲ್ಲ ಮೊಣಕಾಲಿನ ಮೇಲೆಯೇ. ಸೆಡಾನ್‌ಗಳೆಲ್ಲ ಸ್ವಲ್ಪ ತಗ್ಗು, ಅದರಲ್ಲಿ ಒಂದೆರಡು ಇಂಚಿನ ವ್ಯತ್ಯಾಸವೇ ದೊಡ್ಡದು. ಆಮೇಲೆ ಬಾಗಿಲು ಎಷ್ಟು ಅಗಲ ತೆರೆಯುತ್ತದೆ, ಪಾದ ಹೊರಗೆ ತರುವಾಗ ಬಾಗಿಲ ಕೆಳಮೂಲೆಗೆ ತಾಗುತ್ತದೆಯೇ ನೋಡಿ. ಮೊದಲು ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂರಬೇಕು, ನಂತರ ಎರಡೂ ಕಾಲನ್ನು ಕೂಡಿಸಿ ಒಳಗೆ ತರಬೇಕು. ಒಂದು ಕಾಲು ಒಳಗಿಟ್ಟು ತಿರುಚುವುದು ಬೇಡವೇ ಬೇಡ.

ಹತ್ತಿ_ಅಡತಿ
ತಂಗಿ, ನಿಮ್ಮ ಉತ್ತರ ಓದಿ ತಕ್ಷಣ ಟೇಪ್ ಹಿಡಿದೆ. ಪಡಸಾಲೆಯ ಸಾಗುವಾನಿ ಕುರ್ಚಿ ಹದಿನೆಂಟು ಇಂಚು, ಅಪ್ಪ ಸರಾಗವಾಗಿ ಏಳುತ್ತಾರೆ. ಸೋಫಾ ಹದಿನಾರು, ಅಲ್ಲಿಂದ ಏಳುವಾಗ ನನ್ನ ಹೆಗಲು ಬೇಕು. ಎರಡೇ ಇಂಚು! ಇಷ್ಟು ದಿನ ನಾನು ಗಮನಿಸಿಯೇ ಇರಲಿಲ್ಲ.

ಬ್ಯಾಡಗಿ_ಕೆಂಪು
ಹಾವೇರಿ ಜಿಲ್ಲೆಯಿಂದ. ನನ್ನ ಅನುಭವವನ್ನೂ ಕೇಳಿ, ಹಣ ಉಳಿದೀತು.

ನಾಲ್ಕು ವರ್ಷ ಒಂದು ಜರ್ಮನ್ ಸೆಡಾನ್ ಇಟ್ಟುಕೊಂಡಿದ್ದೆ, ಯಾವುದೆಂದು ಹೇಳುವುದಿಲ್ಲ. ಓಡಿಸುವಾಗ ಸ್ವರ್ಗ, ಸುಳ್ಳು ಹೇಳಬಾರದು. ನಮ್ಮ ಓಣಿಯ ತಿರುವಿನಲ್ಲಿ ಒಂದು ಹಂಪ್ ಇದೆ. ಯಾವ ಪುಣ್ಯಾತ್ಮ ಹಾಕಿಸಿದನೋ, ರೊಟ್ಟಿ ಬಡಿಯುವ ಕಲ್ಲಿನಷ್ಟು ದಪ್ಪ. ಮುಂದಿನ ಚಕ್ರ ದಾಟುತ್ತದೆ, ಹಿಂದಿನದು ಇನ್ನೂ ಹತ್ತಿಲ್ಲ, ಹೊಟ್ಟೆ ಮಧ್ಯದಲ್ಲಿ 'ಕರ್‌ರ್' ಎಂದು ಕೂರುತ್ತದೆ. ಮೆಣಸಿನಕಾಯಿ ಚೀಲ ಹೊತ್ತ ಹಮಾಲರು ನಿಂತು ನೋಡಿ ನಗುತ್ತಿದ್ದರು. ಚಕ್ರಗಳ ನಡುವೆ ದೂರ ಹೆಚ್ಚಿದಷ್ಟೂ ಇದು ಹೆಚ್ಚು. ವೀಲ್‌ಬೇಸ್ ಎಂದು ಕುಣಿಯುವವರು ಹಂಪಿನ ಕಡೆಯೂ ನೋಡಬೇಕು. ನಾನು ಕೊನೆಕೊನೆಗೆ ಅಲ್ಲಿ ಮನೆಯವರನ್ನೆಲ್ಲ ಇಳಿಸಿ, ಕಾರು ದಾಟಿಸಿ, ಮತ್ತೆ ಹತ್ತಿಸಿಕೊಳ್ಳುತ್ತಿದ್ದೆ. ಐವತ್ತು ಲಕ್ಷದ ಕಾರಿಗೆ ಚಕ್ಕಡಿಯ ಮರ್ಯಾದೆ.

ಇನ್ನೊಮ್ಮೆ ಟೈರಿನ ಪಕ್ಕ ಸೀಳಿತು. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ. ಆ ಅಳತೆಯ ಟೈರು ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ, ತರಿಸಲು ಒಂಬತ್ತು ದಿನ. ಅಷ್ಟೂ ದಿನ ಮಾರುಕಟ್ಟೆಗೆ ಅಳಿಯನ ಸ್ಕೂಟರ್ ಮೇಲೆ ಹೋದೆ.

ಗದಗಿನ_ಗಾಳಿ
ನಿಮ್ಮದು ಹಂಪ್, ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಡಾಂಬರು ಅದರ ಜೊತೆ ಕುಣಿಯುತ್ತದೆ. ಹೊಸ ರಸ್ತೆಯೂ ಎರಡು ವರ್ಷದಲ್ಲಿ ಅಲೆ ಅಲೆ. ಅಲ್ಲಿ ದಪ್ಪ ರಬ್ಬರಿನ ಟೈರು, ಮೆತ್ತನೆ ಸ್ಪ್ರಿಂಗ್ ಇದ್ದ ಕಾರೇ ಸರಿ. ದೊಡ್ಡ ರಿಮ್, ತೆಳ್ಳನೆ ಟೈರಿನ ಸ್ಪೋರ್ಟ್ ಮಾದರಿ ಯಾವ ಕಂಪನಿಯದಾದರೂ ಬೇಡ. ಅಪ್ಪನವರ ಮೊಣಕಾಲಿಗೆ ಪ್ರತಿ ಅಲೆಯೂ ಲೆಕ್ಕ ಕೊಡುತ್ತದೆ.

ನಂಬರ್_63
ಅದಕ್ಕೇ ಹೇಳಿದ್ದು, ಫಾರ್ಚೂನರ್.

ಗದಗಿನ_ಗಾಳಿ
ಅದರಲ್ಲಿ ಹಿಂದೆ ಕುಳಿತು ಗದಗದಿಂದ ಹುಬ್ಬಳ್ಳಿಗೆ ಚಹಾ ಕುಡಿಯುತ್ತಾ ಬನ್ನಿ. ಅಂಗಿಯ ಬಣ್ಣ ನೋಡಿ ಮಾತಾಡೋಣ.

ಡೀಸೆಲ್_ಕಾಕಾ
ಗದಗ ರಸ್ತೆ ಬಿಡಿ, ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಕಾಮಗಾರಿ ಪೂರ್ತಿ ಮುಗಿಯಿತೇ? ಮೊನ್ನೆ ಬೆಳಗಾವಿಗೆ ಹೋಗುವಾಗ ಲಾರಿ ಸಾಲಿನ ಹಿಂದೆ ಮುಕ್ಕಾಲು ತಾಸು ಕುಳಿತೆ.

ಪೇಢಾನಗರಿ
ಬೈಪಾಸ್ ಬಗ್ಗೆ ಬೇರೆ ಚರ್ಚೆ ಇದೆ ಕಾಕಾ, ಅಲ್ಲಿ ನೀವೇ ನಲವತ್ತು ಬಾರಿ ಬರೆದಿದ್ದೀರಿ.

ಚಾರ್ಜರ್_ಹುಡುಗ
ಹುಬ್ಬಳ್ಳಿ-ಧಾರವಾಡದ ಒಳಗಿನ ರಸ್ತೆಯಲ್ಲಿ ಚಿಗರಿ ಬಸ್ಸಿಗೆಂದೇ ಇರುವ ಪಥ ಖಾಲಿ ಹೊಡೆಯುತ್ತಿರುತ್ತದೆ, ಪಕ್ಕದಲ್ಲಿ ನಾವು ಮೂತಿಗೆ ಮೂತಿ ತಾಗಿಸಿಕೊಂಡು ನಿಂತಿರುತ್ತೇವೆ. ಅರವತ್ತು ಲಕ್ಷದ ಕಾರಿನಲ್ಲಿ ಕುಳಿತು ಚಿಗರಿ ಮುಂದೆ ಹೋಗುವುದನ್ನು ನೋಡುವ ಸುಖವೇ ಬೇರೆ.

ಉಣಕಲ್_ದಂಡೆ
ನಾನು ದಿನಾ ಚಿಗರಿಯಲ್ಲೇ ಹೋಗುತ್ತೇನೆ. ಕೈ ಬೀಸುತ್ತೇನೆ, ನೋಡಿ.

ಪೇಢಾನಗರಿ
ಮತ್ತೆ ವಿಷಯಕ್ಕೆ. ಜಿಎಸ್‌ಟಿ ಬದಲಾವಣೆಯಿಂದ ಆದ ಒಂದು ಸೂಕ್ಷ್ಮ ಯಾರೂ ಹೇಳಲಿಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ದೊಡ್ಡ ಎಂಜಿನ್ನಿನ ಸೆಡಾನ್‌ಗೆ ಜಿಎಸ್‌ಟಿ, ಸೆಸ್ ಸೇರಿ ಶೇಕಡಾ 48. ಹೈಬ್ರಿಡ್‌ಗೆ 43. ಈಗ ಎರಡಕ್ಕೂ 40. ಅಂದರೆ ಆ ಬಿಎಂಡಬ್ಲ್ಯು ಪೆಟ್ರೋಲ್ ಕಾರಿನಲ್ಲಿ 148 ರೂಪಾಯಿಯದು 140ಕ್ಕೆ ಬಂದಿತು, ಕ್ಯಾಮ್ರಿಯಲ್ಲಿ 143ರದ್ದು 140ಕ್ಕೆ. ಹೈಬ್ರಿಡ್‌ಗೆ ಇದ್ದ ಮೇಲುಗೈ ಅಳಿಸಿಹೋಯಿತು. ಆದರೂ ಷೋರೂಮ್ ಬೆಲೆಯಲ್ಲಿ ಹನ್ನೆರಡು ಲಕ್ಷದಷ್ಟು ಅಂತರ ಉಳಿದೇ ಇದೆ, ಜೀವಾವಧಿ ತೆರಿಗೆ ಅದರ ಮೇಲೂ ಬೀಳುತ್ತದೆ. ಆ ಹಣ ಬಾನೆಟ್ ಮೇಲಿನ ಲಾಂಛನಕ್ಕೆ, ಓಡಿಸುವ ಸುಖಕ್ಕೆ ಹೋಗುತ್ತದೆ. ಎಡಸೀಟಿಗೆ ಅದರಲ್ಲಿ ಎಷ್ಟು ಬರುತ್ತದೆ ಎಂಬುದೇ ಪ್ರಶ್ನೆ.

ಬ್ಯಾಡಗಿ_ಕೆಂಪು
ಲಾಂಛನವನ್ನು ಹಗುರ ಮಾಡಬೇಡಿ ಪೇಢಾನಗರಿಯವರೇ. ವ್ಯಾಪಾರದಲ್ಲಿ ಅದೂ ಬಂಡವಾಳ. ಜರ್ಮನ್ ಕಾರಿನಿಂದ ಇಳಿದ ದಿನ ಬ್ಯಾಂಕಿನಲ್ಲಿ ಮ್ಯಾನೇಜರ್ ಎದ್ದು ನಿಂತಿದ್ದರು. ಈಗ ಇನ್ನೋವಾದಿಂದ ಇಳಿದರೆ 'ಕುಳಿತುಕೊಳ್ಳಿ, ಟೋಕನ್ ತೆಗೆದುಕೊಳ್ಳಿ' ಎನ್ನುತ್ತಾರೆ.

ಟೇಪ್_ಮಾಸ್ತರ
ಇನ್ನೋವಾ ಹೈಕ್ರಾಸ್ ನಿಜವಾಗಿ ಯೋಚಿಸಬೇಕಾದದ್ದೇ. 4755 ಉದ್ದ, 2850 ವೀಲ್‌ಬೇಸ್, ಸೀಟು ಕುರ್ಚಿಯ ಎತ್ತರಕ್ಕೆ ಹತ್ತಿರ. ಮೊಣಕಾಲಿನ ಲೆಕ್ಕಕ್ಕೆ ಇಲ್ಲಿ ಬಂದ ಎಲ್ಲ ಕಾರಿಗಿಂತ ಅದೇ ಸರಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ.

ಹತ್ತಿ_ಅಡತಿ
ಮೊದಲ ದಿನವೇ ಹೇಳಿ ನೋಡಿದೆ ಸರ್. "ಹುಬ್ಬಳ್ಳಿ ನಿಲ್ದಾಣದ ಮುಂದೆ ಅವು ಹತ್ತು ನಿಂತಿರುತ್ತವೆ, ಒಂದಕ್ಕೆ ಕೈ ಮಾಡು, ಕೊಳ್ಳುವುದು ಯಾಕೆ?" ಎಂದರು.

ಹತ್ತಿ_ಅಡತಿ
(ಐದು ದಿನದ ನಂತರ)
ನಿನ್ನೆ ಭಾನುವಾರ ಅಪ್ಪನನ್ನೇ ಕರೆದುಕೊಂಡು ಹೋಗಿದ್ದೆ. ಕೈಯಲ್ಲಿ ಟೇಪ್. ಷೋರೂಮ್ ಹುಡುಗರು ದರ್ಜಿ ಬಂದಿದ್ದಾನೆ ಎಂದುಕೊಂಡಿರಬೇಕು.

ಬಿಎಂಡಬ್ಲ್ಯು ಉದ್ದನೆಯದು ಗೆಳೆಯರೊಬ್ಬರದು, ಬಜೆಟ್ ಮೀರಿದ್ದರೂ ಕೂರಿಸಿ ನೋಡೋಣ ಎಂದು. ಜಾಗ ಧಾರಾಳ. ಅಪ್ಪ ಪೇಪರ್ ತಂದಿದ್ದರು, ಬಿಡಿಸಿದರು, ಓದಿದರು. ಇಳಿಯುವಾಗ ಮಾತ್ರ ಎರಡು ಸಲ ಪ್ರಯತ್ನಿಸಿ ಮೂರನೆಯದಕ್ಕೆ ನನ್ನ ಕೈ ಹಿಡಿದರು. ಕ್ಯಾಮ್ರಿಯಲ್ಲಿ ಹತ್ತುವಾಗ ಚಾವಣಿ ತಲೆಗೆ ತಾಗಿತು, ಬೈದರು. ಕುಳಿತ ಮೇಲೆ ಹಿಂದಿನ ಸೀಟಿನ ನಡುವಿನ ತೋಳುದಿಂಬು ಇಳಿಸಿದರೆ ಅದರಲ್ಲೇ ಗುಂಡಿಗಳಿವೆ, ಒತ್ತಿದರೆ ಸೀಟಿನ ಬೆನ್ನು ಹಿಂದಕ್ಕೆ ಬಾಗುತ್ತದೆ. ಹತ್ತು ನಿಮಿಷ ಅದನ್ನೇ ಆಡಿಸಿದರು. ಇಳಿಯುವಾಗ ಮೊದಲು ಬೆನ್ನು ನೇರ ಮಾಡಿಕೊಂಡು, ಎರಡೂ ಕಾಲು ಕೂಡಿಸಿ ಹೊರಗಿಟ್ಟು, ಬಾಗಿಲ ಕಂಬ ಹಿಡಿದು ತಾವೇ ಎದ್ದರು. ಫಿಸಿಯೋಥೆರಪಿಸ್ಟ್ ತಂಗಿ ಇಲ್ಲಿ ಹೇಳಿಕೊಟ್ಟ ಉಪಾಯ. ಅಳತೆ ತೆಗೆದರೆ ಎರಡು ಕಾರಿನ ಸೀಟಿಗೂ ಅಂಥ ವ್ಯತ್ಯಾಸವಿಲ್ಲ, ಎರಡೂ ನಮ್ಮ ಸೋಫಾಗಿಂತ ಮೇಲಿಲ್ಲ. ಮೊದಲನೆಯದರಲ್ಲಿ ಉಪಾಯ ಹೇಳಿರಲಿಲ್ಲ, ಅಷ್ಟೇ ಇರಬಹುದು. ಅದನ್ನು ಅಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ, ಅವರು ಆಗಲೇ ಬಣ್ಣ ಕೇಳುತ್ತಿದ್ದರು.

ಕ್ಯಾಮ್ರಿ ಬುಕ್ ಮಾಡಿದ್ದೇವೆ. ಬಿಳಿ.

ಟೇಪ್_ಮಾಸ್ತರ
ಗ್ಯಾರೇಜಿನ ಹಿಂಗೋಡೆಗೆ ಈಗಲೇ ಹಳೆಯ ಟೈರಿನ ತುಂಡು ಹೊಡೆಸಿ. ನಾಲ್ಕು ಇಂಚು ಎಂದಿದ್ದೆ, ಮರೆಯಬೇಡಿ. ಅಂದಹಾಗೆ ಆ ಗೋಡೆಗೆ ಮೊಳೆ, ಕಪಾಟು ಏನೂ ಇಲ್ಲ ತಾನೆ?

ಹತ್ತಿ_ಅಡತಿ
ಮಾಸ್ತರರೇ... ನೀರಿನ ಪಂಪ್ ಇದೆ. ಗೋಡೆಯಿಂದ ಏಳು ಇಂಚು ಮುಂದೆ.

ಪೇಢಾನಗರಿ
ಹಹ್ಹಾ! ಈ ಇಡೀ ಚರ್ಚೆಯನ್ನು ಪ್ಲಂಬರ್ ಒಬ್ಬನಿಗೆ ಕಳಿಸಿಕೊಡಿ.

ನಂಬರ್_63
ಫಾರ್ಚೂನರ್ ಆಗಿದ್ದರೆ ಪಂಪ್ ತೆಗೆಯಬೇಕಾಗಿರಲಿಲ್ಲ. ಹೇಳಿದ್ದೆ.

ಡೀಸೆಲ್_ಕಾಕಾ
ಅದೆಲ್ಲ ಇರಲಿ ತಮ್ಮಾ. ಹಳೆಯ ಸೂಪರ್ಬ್ ಕೊಡುವವನಿದ್ದೀಯಾ? ಎಷ್ಟಕ್ಕೆ? ಹಿಡಿಕೆಯ ಬಣ್ಣ ಹೋಗಿದ್ದಕ್ಕೆ ಸ್ವಲ್ಪ ಕಡಿಮೆ ಮಾಡಬೇಕು.